ಮುಂಬಯಿಯ ಕೋಟೆಯನ್ನು ನೋಡಹೋಗುವವರಿಗೆ

ನಮ್ಮ ಕಡೆಯ ಕುಟುಂಬಗಳಿಗೆ ಮುಂಬಯಿಯ ಪ್ರಯಾಣವು ಹೊಸದೇನೂ ಅಲ್ಲ. ಮಗನೋ ಮಗಳೋ ಅಲ್ಲಿ ಉದ್ಯೋಗದಲ್ಲಿರುತ್ತಾರೆ. ಇಲ್ಲವೆ ಮದುವೆಗೆಂದೋ ವೈದ್ಯರನ್ನು ಕಾಣಲೆಂದೋ ಹೋಗಬೇಕಾಗಿ ಬರುತ್ತದೆ. ಹೋದವರು ಮಹಾಲಕ್ಷ್ಮಿಯ ದರ್ಶನ ಮಾಡುತ್ತಾರೆ. ಚೌಪಾಟಿಯಲ್ಲಿ ಕಡಲ ಗಾಳಿಯನ್ನು ಸೇವಿಸುತ್ತಾರೆ. ದೋಣಿಯನ್ನೇರಿ ಎಲಿಫಂಟಾ ಗುಹೆಗಳನ್ನು ಕಂಡುಬರುತ್ತಾರೆ. ಸೀರೆ ಪಾತ್ರೆಗಳನ್ನು ಕೊಂಡು ಊರಿಗೆ ಮರಳುತ್ತಾರೆ. ಆದರೆ ಯಾವ ಪೇಟೆಯ ಕಲ್ಲುಕಟ್ಟಡಗಳೊಡನೆ ನಮ್ಮ ಉತ್ತರದ ಜಿಲ್ಲೆಗಳ ಬಾಳು ಎರಡು ಮೂರು ತಲೆಮಾರುಗಳವರೆಗೆ ಹೆಣೆದುಕೊಂಡಿತ್ತೋ ಆ ಪೇಟೆಯನ್ನು ಮಾತ್ರ ಮೋಟಾರಿನ ಕಿಟಕಿಯಿಂದ ಅರೆಗಣ್ಣಿನಲ್ಲಿ ನೋಡಿ ಮುಂದೆ ಸಾಗುತ್ತಾರೆ. ಮುಂಬಯಿಯ ದಕ್ಷಿಣ ತುದಿಯಲ್ಲಿರುವ ಆ ಪೇಟೆಗೆ ‘ಫೋರ್ಟ್’, ಅಂದರೆ ಕೋಟೆ, ಎಂದು ಹೆಸರು. ಈ ತಿಂಗಳು ಅದನ್ನು ಹೇಗೆ, ಯಾವಾಗ, ಯಾವ ಕ್ರಮದಲ್ಲಿ ನೋಡತಕ್ಕದ್ದೆಂಬ ವಿಷಯವಾಗಿ ನಾಲ್ಕು ಮಾತು ಬರೆಯಲಿಚ್ಛಿಸುತ್ತೇವೆ.

ಮೊದಲು ಹೆಸರಿನ ವಿಚಾರ. ಕೋಟೆಯೆಂಬ ಹೆಸರಿದ್ದರೂ ಇಂದು ಅಲ್ಲಿ ಕೋಟೆಯ ಗೋಡೆಯನ್ನು ಹುಡುಕುವುದು ವ್ಯರ್ಥ. ಈಸ್ಟ್ ಇಂಡಿಯಾ ಕಂಪೆನಿಯವರು ಹದಿನೆಂಟನೆಯ ಶತಮಾನದ ಮೊದಲಲ್ಲಿ ತಮ್ಮ ಪಟ್ಟಣದ ಸುತ್ತಲೂ ಗೋಡೆಯನ್ನೆಬ್ಬಿಸಿ, ಅಪೋಲೋ ಬಾಗಿಲು, ಚರ್ಚ್ ಬಾಗಿಲು, ಬಜಾರ್ ಬಾಗಿಲು ಎಂದು ಮೂರು ಹೆಬ್ಬಾಗಿಲುಗಳನ್ನು ಇಟ್ಟಿದ್ದರು. ೧೮೬೨ರಲ್ಲಿ ಗವರ್ನರಾಗಿ ಬಂದ ಸರ್ ಬಾರ್ಟಲ್ ಫ್ರಿಯರ್ ಎಂಬವನು ಆ ಗೋಡೆಗಳನ್ನು ಕೆಡವಿಸಿ, ತೆರವಾದ ನೆಲದ ಮೇಲೆ ಹೊಸ ರಸ್ತೆಗಳನ್ನೂ ಸಾರ್ವಜನಿಕ ಭವನಗಳನ್ನೂ ನಿರ್ಮಿಸಲು ಯೋಜಿಸಿದನು. ದಿನಕ್ಕೆ ಲಕ್ಷಗಟ್ಟಲೆ ಜನರು ಇಳಿದು ಹತ್ತುವ ಚರ್ಚ್‌ಗೇಟ್ ನಿಲ್ದಾಣಕ್ಕೆ ಆ ಹೆಸರು ಉಳಿದಿರುವುದು ಬಿದ್ದುಹೋದ ಆ ಬಾಗಿಲಿನಿಂದಲೇ. ವಿಕ್ಟೋರಿಯಾ ರಾಣಿಯು ಆಳಿದ ೧೮೩೭ರಿಂದ ೧೯೦೧ರವರೆಗಿನ ಕಾಲದ ವಾಸ್ತುಶಿಲ್ಪವು ಒಂದೇ ಕಡೆ ಇಷ್ಟು ದಟ್ಟವಾಗಿ ಉಳಿದಿರುವ ಪೇಟೆಗಳು ಲೋಕದಲ್ಲಿ ಕೆಲವೇ.

ಇಷ್ಟೊಂದು ಕಟ್ಟಡಗಳಿಗೆ ಹಣವೆಲ್ಲಿಂದ ಬಂದಿತು? ಈ ಪ್ರಶ್ನೆಗೆ ಉತ್ತರ ತಿಳಿದಿದ್ದರೆ ನೋಡುವವನ ಕಣ್ಣೇ ಬೇರೆಯಾಗುತ್ತದೆ. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿಯ ಹತ್ತಿಯು ಇಂಗ್ಲೆಂಡಿನ ಗಿರಣಿಗಳಿಗೆ ತಲುಪುವುದು ನಿಂತುಹೋಯಿತು. ಗಿರಣಿಯವರು ಹಿಂದುಸ್ಥಾನದ ಹತ್ತಿಗೆ ಕೈಚಾಚಿದರು. ಧಾರವಾಡದ ಎರೆಭೂಮಿಯಲ್ಲಿ ಬೆಳೆದ ಅರಳೆಯು ಎತ್ತಿನ ಗಾಡಿಗಳಲ್ಲಿ ಘಟ್ಟವನ್ನಿಳಿದು ಕುಮಟೆಯ ಬಂದರಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಯನ್ನು ಸೇರುತ್ತಿತ್ತು. ವ್ಯಾಪಾರಿಗಳ ಲೆಕ್ಕಪುಸ್ತಕಗಳಲ್ಲಿ ಒಂದು ಬಗೆಯ ಹತ್ತಿಗೆ ಕುಮಟೆಯ ಹೆಸರೇ ನಿಂತುಬಿಟ್ಟಿತ್ತು. ನಾಲ್ಕು ವರ್ಷಗಳ ಕಾಲ ಧಾರಣೆಯು ಏರಿದ್ದೇ ಏರಿದ್ದು. ಮುಂಬಯಿಯ ವರ್ತಕರು ಕುಬೇರರಾದರು. ೧೮೬೫ರಲ್ಲಿ ಯುದ್ಧ ಮುಗಿದೊಡನೆ ಧಾರಣೆ ಕುಸಿದು ಬ್ಯಾಂಕುಗಳು ಮುಳುಗಿದುವು. ನಿನ್ನೆಯ ಲಕ್ಷಾಧೀಶ್ವರರು ಇಂದು ದಿವಾಳಿಯಾದರು. ಆದರೆ ಅವರು ಕೊಟ್ಟ ದಾನಗಳೂ, ಆ ಉತ್ಸಾಹದಲ್ಲಿ ಸರಕಾರದವರು ಹಾಕಿಕೊಂಡ ಯೋಜನೆಗಳೂ ಉಳಿದುಕೊಂಡುವು. ಕೋಟೆಯ ಭವನಗಳಲ್ಲಿ ಬಹುಭಾಗವು ಆಮೇಲಿನ ಇಪ್ಪತ್ತೈದು ವರ್ಷಗಳಲ್ಲಿ ಎದ್ದಂಥವು. ಆದುದರಿಂದ ಅಲ್ಲಿಯ ಕಮಾನುಗಳ ಕೆಳಗೆ ನಿಂತಾಗ ನಮ್ಮ ಹೊಲಗಳ ಬೆವರೂ ಅವುಗಳ ಬುನಾದಿಯಲ್ಲಿ ಸೇರಿದೆಯೆಂಬುದನ್ನು ಮರೆಯಬಾರದು.

“ಪರರು ಆಳುವಾಗ ತಮ್ಮ ದೊಡ್ಡಸ್ತಿಕೆಗೆಂದು ಕಟ್ಟಿಸಿದ ಮನೆಗಳನ್ನು ನಾವೇಕೆ ಹೋಗಿ ನೋಡಬೇಕು?” ಎಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದೇ. ಈ ಭವನಗಳು ಆಳುವವರ ಗರ್ವವನ್ನು ತೋರುವುದಕ್ಕಾಗಿಯೇ ಎದ್ದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಕ್ಷೆ ಅವರದಾದರೂ ಹಣದಲ್ಲಿ ದೊಡ್ಡ ಪಾಲು ಇಲ್ಲಿಯವರದು. ಕಲ್ಲು ಕುರ್ಲಾ, ಪೋರಬಂದರುಗಳದು. ಉಳಿ ಹಿಡಿದ ಕೈ ಇಲ್ಲಿಯ ಶಿಲ್ಪಿಗಳದು. ಅಷ್ಟೇ ಅಲ್ಲದೆ, ಆ ಗರ್ವವನ್ನು ಮುರಿದ ಮಾತುಗಳೂ ಇವೇ ಕೋಣೆಗಳಲ್ಲಿ ಆಡಲ್ಪಟ್ಟುವು. ಮನೆಯನ್ನು ಕಟ್ಟಿಸಿದವನ ಕಥೆ ಒಂದಾದರೆ, ಅದರೊಳಗೆ ಬಾಳಿದವರ ಕಥೆ ಮತ್ತೊಂದು. ನಾವು ನೋಡಹೋಗುವುದು ಈ ಎರಡನೆಯದನ್ನು.

ಇನ್ನು ಸಿದ್ಧತೆಯ ಮಾತು. ಮುಂಬಯಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಜಡಿಮಳೆ. ಮಾರ್ಚಿನಿಂದ ಮೇವರೆಗೆ ಬೆವರು ಆರದ ಸೆಕೆ. ಕಾಲ್ನಡಿಗೆಯಲ್ಲಿ ಸುತ್ತಲು ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವೇ ಉತ್ತಮ. ಎರಡು ದಿನಗಳನ್ನು ಇದಕ್ಕೆಂದೇ ಮೀಸಲಿಡಬೇಕು. ಅವುಗಳಲ್ಲಿ ಒಂದು ಭಾನುವಾರವಾದರೆ ಒಳ್ಳೆಯದು. ಕಚೇರಿಗಳು ಮುಚ್ಚಿರುವುದರಿಂದ ಅಂದು ರಸ್ತೆಗಳಲ್ಲಿ ಗದ್ದಲ ಕಡಮೆ, ಮಕ್ಕಳೂ ಮುದುಕರೂ ನಿಂತು ತಲೆಯೆತ್ತಿ ನೋಡಬಹುದು. ಮತ್ತೊಂದು ಕೆಲಸದ ದಿನವಾಗಿರಲಿ. ಪೇಟೆಯ ಜೀವವನ್ನು ಕಾಣುವುದು ಅಂದೇ.

ಹೊರಡುವ ಮುಂಚೆ ಮಾಡತಕ್ಕ ಮುಖ್ಯವಾದ ಕೆಲಸ ಇನ್ನೊಂದಿದೆ. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರಗಳ ಸೀಮೆಯವರು ತಮ್ಮ ಮನೆಯ ಹಳೆಯ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಬೇಕು. ಈ ಜಿಲ್ಲೆಗಳು ೧೯೫೬ರ ನವೆಂಬರ್ ೧ರವರೆಗೆ ಮುಂಬಯಿಯ ಆಡಳಿತದಲ್ಲಿದ್ದುವು. ಅಜ್ಜನ ಮೆಟ್ರಿಕ್ಯುಲೇಶನ್ ಪ್ರಮಾಣಪತ್ರ, ಹೊಲದ ವ್ಯಾಜ್ಯದಲ್ಲಿ ಹೈಕೋರ್ಟು ಕೊಟ್ಟ ತೀರ್ಪಿನ ನಕಲು, ಮುಂಬಯಿಯ ಮುದ್ರೆಯೊತ್ತಿದ ಪದವಿಪತ್ರ, ಇಂಥದೇನಾದರೂ ಸಿಕ್ಕಿದರೆ ಅದರ ಪ್ರತಿಯನ್ನು ಮಾಡಿಸಿಕೊಂಡು ಸಂಗಡ ಒಯ್ಯಿರಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಕೂರಿಸಿಕೊಂಡು, ಯಾರು ಯಾವ ಕಾರಣಕ್ಕೆ ಮುಂಬಯಿಗೆ ಹೋಗಿದ್ದರು, ಎಲ್ಲಿ ಇಳಿದಿದ್ದರು, ಏನು ಗಳಿಸಿದರು, ಏನು ಕಳೆದುಕೊಂಡರು ಎಂದು ಕೇಳಿ ಬರೆದುಕೊಳ್ಳಿರಿ. ಇದಕ್ಕಿಂತ ಒಳ್ಳೆಯ ಕೈಪಿಡಿ ಯಾವ ಅಂಗಡಿಯಲ್ಲಿಯೂ ದೊರಕದು.

ಮೊದಲನೆಯ ದಿನ ರೈಲ್ವೆ ನಿಲ್ದಾಣದಿಂದಲೇ ಪ್ರಾರಂಭಿಸಬಹುದು. ಬೆಂಗಳೂರಿನಿಂದ ಕಲಬುರಗಿ, ಸೊಲ್ಲಾಪುರಗಳ ಮೇಲೆ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ನಿಲ್ಲುವುದು ಈ ನಿಲ್ದಾಣದಲ್ಲಿಯೇ. ನಮ್ಮ ಕಡೆಯ ಬೇರೆ ಕೆಲವು ಗಾಡಿಗಳು ದಾದರಿನಲ್ಲಿಯೋ ಕುರ್ಲಾದಲ್ಲಿಯೋ ನಿಂತುಬಿಡುತ್ತವೆಯಾದ್ದರಿಂದ ಟಿಕೆಟ್ ಕೊಳ್ಳುವಾಗಲೇ ವಿಚಾರಿಸಿಕೊಳ್ಳಬೇಕು. ೧೮೫೩ರ ಏಪ್ರಿಲ್ ೧೬ರಂದು ಠಾಣೆಗೆ ಹೊರಟ ಹಿಂದುಸ್ಥಾನದ ಮೊದಲ ಪ್ರಯಾಣಿಕರ ರೈಲು ಇಲ್ಲಿಯ ಬೋರಿ ಬಂದರಿನಿಂದ ಹೊರಟಿತು. ಈಗಿನ ಭವನವನ್ನು ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬ ಶಿಲ್ಪಿಯು ೧೮೭೮ರಲ್ಲಿ ಆರಂಭಿಸಿ ಹತ್ತು ವರ್ಷಗಳಲ್ಲಿ ಮುಗಿಸಿದನು. ರಾಣಿಯ ಹೆಸರನ್ನು ಹೊತ್ತಿದ್ದ ಅದಕ್ಕೆ ೧೯೯೬ರಲ್ಲಿ ಛತ್ರಪತಿ ಶಿವಾಜಿಯ ಹೆಸರಿಟ್ಟರು. ೨೦೦೪ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಹೆಬ್ಬಾಗಿಲ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ ಕುಳಿತಿವೆ. ಸಿಂಹವು ಇಂಗ್ಲೆಂಡಿಗೆ, ಹುಲಿಯು ಹಿಂದುಸ್ಥಾನಕ್ಕೆ ಸಂಕೇತ. ಗೋಡೆಯ ಮೇಲೆ ನವಿಲು, ಕೋತಿ, ಎಲೆ, ಬಳ್ಳಿಗಳನ್ನು ಕೆತ್ತಿದವರಲ್ಲಿ ಮುಂಬಯಿಯ ಕಲಾಶಾಲೆಯ ವಿದ್ಯಾರ್ಥಿಗಳೂ ಇದ್ದರು. ಎಷ್ಟು ಪ್ರಾಣಿಗಳು ಕಾಣುತ್ತವೆಂದು ಎಣಿಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಅರ್ಧ ಗಂಟೆ ಅವರು ಬೇಸರಪಡುವುದಿಲ್ಲ.

ನಿಲ್ದಾಣದ ಎದುರಿಗಿರುವ ನಗರಸಭೆಯ ಭವನವೂ ಸ್ಟೀವನ್ಸನದೇ. ಅದು ೧೮೯೩ರಲ್ಲಿ ಮುಗಿಯಿತು. ಸಮೀಪದಲ್ಲಿಯೇ ಕಾಮಾ ಆಸ್ಪತ್ರೆಯಿದೆ. ಹೆಂಗಸರು ಗಂಡು ವೈದ್ಯರ ಮುಂದೆ ಹೋಗಲು ನಾಚಿ ಪ್ರಾಣವನ್ನೇ ಬಿಡುತ್ತಿದ್ದ ಕಾಲದಲ್ಲಿ, ಒಬ್ಬ ಪಾರಸಿ ವರ್ತಕರ ದಾನದಿಂದ ೧೮೮೬ರಲ್ಲಿ ತೆರೆದ ಈ ಆಸ್ಪತ್ರೆಯಲ್ಲಿ ಎಡಿತ್ ಪೀಚಿ ಎಂಬ ವೈದ್ಯೆಯು ಮುಖ್ಯಳಾಗಿದ್ದಳು. ೨೦೦೮ರ ನವೆಂಬರ್ ೨೬ರ ರಾತ್ರಿ ಹಂತಕರು ರೈಲ್ವೆ ನಿಲ್ದಾಣದಲ್ಲಿ ಗುಂಡು ಹಾರಿಸಿ ಇಲ್ಲಿಗೆ ನುಗ್ಗಿದಾಗ, ದಾದಿಯರು ಬಾಗಿಲುಗಳನ್ನು ಭದ್ರಪಡಿಸಿ ರೋಗಿಗಳನ್ನು ಕಾಪಾಡಿದರು. ಇದು ಇಂದಿಗೂ ರೋಗಿಗಳಿರುವ ಸ್ಥಳ. ಹೊರಗಿನಿಂದಲೇ ನೋಡಿ ನಮಸ್ಕರಿಸಿ ಮುಂದೆ ಹೋಗುವುದು ಯುಕ್ತ.

ಅಲ್ಲಿಂದ ದಾದಾಭಾಯಿ ನವರೋಜಿಯವರ ಹೆಸರಿನ ರಸ್ತೆಯಲ್ಲಿ ದಕ್ಷಿಣಕ್ಕೆ ನಡೆಯಬೇಕು. ಈ ರಸ್ತೆಯ ಅಂಗಡಿಗಳ ಮುಂದೆ ಕಮಾನುಗಳ ಮೊಗಸಾಲೆಯೊಂದು ಸಾಲಾಗಿ ಸಾಗುತ್ತದೆ. ಬಿಸಿಲಿಗೂ ಮಳೆಗೂ ನಡೆಯುವವರಿಗೆ ಆಸರೆಯಾಗುವಂತೆ ಪ್ರತಿಯೊಬ್ಬರೂ ತಮ್ಮ ಕಟ್ಟಡದ ಮುಂಭಾಗವನ್ನು ಹೀಗೆಯೇ ಕಟ್ಟಬೇಕೆಂದು ೧೮೯೬ರಲ್ಲಿ ಕಟ್ಟಳೆಯನ್ನು ಮಾಡಿದ್ದರು. ವೃದ್ಧರನ್ನು ಕರೆದೊಯ್ಯುವವರಿಗೆ ಈ ನೆರಳಿನ ಬೆಲೆ ತಿಳಿದೀತು. ರಸ್ತೆಯ ಕೊನೆಯಲ್ಲಿ ಚರ್ಚ್ ಬಾಗಿಲಿದ್ದ ಎಡೆಯಲ್ಲಿ ೧೮೬೪ರ ಫ್ಲೋರಾ ಕಾರಂಜಿಯಿದೆ. ತುದಿಯಲ್ಲಿ ನಿಂತಿರುವವಳು ರೋಮನರ ಪುಷ್ಪದೇವತೆ. ಅದರ ಪಕ್ಕದಲ್ಲಿಯೇ ಹುತಾತ್ಮರ ಸ್ಮಾರಕ. ಸಂಯುಕ್ತ ಮಹಾರಾಷ್ಟ್ರಕ್ಕಾಗಿ ನಡೆದ ಚಳವಳಿಯಲ್ಲಿ ನೂರಕ್ಕೂ ಮೇಲ್ಪಟ್ಟ ಜನ ಪ್ರಾಣ ತೆತ್ತರು. ಭಾಷೆಗೊಂದು ರಾಜ್ಯವೆಂಬ ಅದೇ ಹಂಬಲದಿಂದ ನಮ್ಮ ಜಿಲ್ಲೆಗಳೂ ೧೯೫೬ರಲ್ಲಿ ಮುಂಬಯಿಯನ್ನು ಬಿಟ್ಟು ಕನ್ನಡ ನಾಡನ್ನು ಸೇರಿದುವಷ್ಟೆ. ಆದುದರಿಂದ ಕನ್ನಡಿಗರು ಇಲ್ಲಿ ಅರೆಕ್ಷಣ ನಿಲ್ಲುವುದು ಸಲ್ಲುತ್ತದೆ.

ಸ್ವಲ್ಪ ಪೂರ್ವಕ್ಕೆ ಹೋದರೆ ಹಾರ್ನಿಮನ್ ವೃತ್ತ. ೧೮೭೨ರಲ್ಲಿ ಈಗಿನ ರೂಪವನ್ನು ತಾಳಿದ ಈ ದುಂಡನೆಯ ತೋಟವು ಮೊದಲು ಹತ್ತಿಯ ಮೂಟೆಗಳು ರಾಶಿಬೀಳುತ್ತಿದ್ದ ಬಯಲಾಗಿತ್ತು. ಬೆಂಜಮಿನ್ ಹಾರ್ನಿಮನ್ ಎಂಬವರು ಇಂಗ್ಲಿಷರಾದರೂ ಮುಂಬಯಿಯ ಪತ್ರಿಕೆಯೊಂದರ ಸಂಪಾದಕರಾಗಿ ನಮ್ಮವರ ಪಕ್ಷವನ್ನು ಹಿಡಿದು, ೧೯೧೯ರಲ್ಲಿ ಸರಕಾರದಿಂದ ಗಡೀಪಾರಾದವರು. ತೋಟದ ಒಂದು ಬದಿಗೆ ೧೮೩೩ರ ಟೌನ್ ಹಾಲು, ಮೂವತ್ತು ಮೆಟ್ಟಿಲುಗಳನ್ನು ಮುಂದಿಟ್ಟುಕೊಂಡು ನಿಂತಿದೆ. ಅದರಲ್ಲಿ ಏಷ್ಯಾಟಿಕ್ ಸೊಸೈಟಿಯ ಗ್ರಂಥಭಂಡಾರವಿದೆ. ಮತ್ತೊಂದು ಬದಿಗೆ ೧೭೧೮ರ ಸೇಂಟ್ ಥಾಮಸ್ ಚರ್ಚು. ಇವೆರಡೂ ವಿಕ್ಟೋರಿಯಾ ಪಟ್ಟಕ್ಕೆ ಬರುವ ಮೊದಲಿನವು. ಮೊದಲ ದಿನಕ್ಕೆ ಇಷ್ಟು ಸಾಕು. ಒಂದೇ ದಿನ ಎಲ್ಲವನ್ನೂ ನುಂಗಹೊರಟವರಿಗೆ ಸಂಜೆಯ ಹೊತ್ತಿಗೆ ಕಾಲುನೋವೊಂದೇ ನೆನಪಿನಲ್ಲಿ ಉಳಿಯುತ್ತದೆ.

ಎರಡನೆಯ ದಿನ ಬೆಳಗ್ಗೆ ಕಾಳಾಘೋಡಾ ಎಂಬ ಎಡೆಗೆ ಹೋಗಬಹುದು. ಎಡ್ವರ್ಡ್ ದೊರೆಯು ಯುವರಾಜನಾಗಿದ್ದಾಗಿನ ಕರಿಯ ಕುದುರೆಯ ಪ್ರತಿಮೆಯಿಂದ ಆ ಹೆಸರು ಬಂದಿತು. ೧೯೬೫ರಲ್ಲಿ ಪ್ರತಿಮೆಯನ್ನು ಭಾಯ್ಖಳಾದ ಉದ್ಯಾನಕ್ಕೆ ಸಾಗಿಸಿದರು. ಹೆಸರು ಮಾತ್ರ ಹೋಗಲಿಲ್ಲ. ೨೦೧೭ರಲ್ಲಿ ಸವಾರನಿಲ್ಲದ ಹೊಸ ಕುದುರೆಯೊಂದನ್ನು ಅಲ್ಲಿ ನಿಲ್ಲಿಸಿದ್ದಾರೆ. ೧೮೭೦ರ ಡೇವಿಡ್ ಸಸೂನ್ ವಾಚನಾಲಯ, ೧೮೮೮ರ ಎಲ್ಫಿನ್‌ಸ್ಟನ್ ಕಾಲೇಜು ಇಲ್ಲಿವೆ. ಇವುಗಳ ಸಮೀಪದಲ್ಲಿ ಶಿಥಿಲವಾಗಿ ನಿಂತಿರುವುದೇ ಹಿಂದಿನ ವಾಟ್ಸನ್ ಹೋಟೆಲು. ಇದರ ಬೀಡುಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ಎರಕ ಹೊಯ್ದು, ಹಡಗಿನಲ್ಲಿ ತಂದು, ಇಲ್ಲಿ ಜೋಡಿಸಿದರು. ೧೮೯೬ರ ಜುಲೈ ೭ರಂದು ಹಿಂದುಸ್ಥಾನದಲ್ಲಿ ಮೊದಲ ಬಾರಿಗೆ ಚಲಚ್ಚಿತ್ರವನ್ನು ತೋರಿಸಿದ್ದು ಇಲ್ಲಿಯೇ. ೨೦೦೫ರಲ್ಲಿ ಇದರ ಒಂದು ಭಾಗ ಕುಸಿದು ಬಿದ್ದಿತು. ಲೋಕದ ನೂರು ಅಪಾಯದ ಕಟ್ಟಡಗಳ ಪಟ್ಟಿಯಲ್ಲಿ ಇದರ ಹೆಸರೂ ಸೇರಿತು. ಒಡೆಯರೂ ಬಾಡಿಗೆದಾರರೂ ಸರಕಾರವೂ ‘ನೀ ಮಾಡು, ತಾ ಮಾಡು’ ಎಂದು ಕುಳಿತರೆ ಕಬ್ಬಿಣವೂ ಮಣ್ಣಾಗುತ್ತದೆ. ನಮ್ಮ ಊರುಗಳ ವಾಡೆಗಳಿಗೂ ದೊಡ್ಡಮನೆಗಳಿಗೂ ಇದೇ ಗತಿಯಾಗುತ್ತಿರುವುದನ್ನು ಬಲ್ಲವರಿಗೆ ಈ ದೃಶ್ಯದಿಂದ ಮನಸ್ಸು ಕಲಕದೆ ಇರದು.

ಇನ್ನು ಪ್ರವಾಸದ ಮುಖ್ಯಭಾಗವಾದ ಓವಲ್ ಮೈದಾನ. ಇಲ್ಲಿಗೆ ಸಂಜೆ ನಾಲ್ಕು ಗಂಟೆಯ ಮೇಲೆಯೇ ಹೋಗಬೇಕು. ಕಾರಣವಿಷ್ಟೆ: ಈ ಭವನಗಳನ್ನು ಕಟ್ಟಿದಾಗ ಪಶ್ಚಿಮಕ್ಕೆ ಸಮುದ್ರವು ಹತ್ತಿರದಲ್ಲಿದ್ದುದರಿಂದ, ಕಡಲ ಗಾಳಿ ಬರಲೆಂದು ಅವುಗಳ ಮುಖವನ್ನು ಆ ಕಡೆಗೆ ಇಟ್ಟರು. ಬೆಳಗ್ಗೆ ಹೋದರೆ ಸೂರ್ಯನು ಕಟ್ಟಡಗಳ ಹಿಂದಿರುತ್ತಾನೆ. ಸಂಜೆಯಾದರೆ ಬಿಸಿಲು ಮುಖದ ಮೇಲೆ ಬಿದ್ದು ಕಲ್ಲು ಹೊಂಬಣ್ಣವನ್ನು ತಾಳುತ್ತದೆ. ಮೈದಾನದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಪೂರ್ವದ ಬದಿಗೆ ಹಳೆಯ ಸಚಿವಾಲಯ, ವಿಶ್ವವಿದ್ಯಾಲಯದ ಪದವೀದಾನ ಭವನ, ಗ್ರಂಥಾಲಯ, ರಾಜಾಬಾಯಿ ಗೋಪುರ, ಹೈಕೋರ್ಟು ಒಂದರ ಪಕ್ಕಕ್ಕೊಂದು ನಿಂತಿವೆ. ಚೂಪಾದ ಕಮಾನುಗಳ ಈ ರೀತಿಗೆ ಗಾಥಿಕ್ ಎಂದು ಹೆಸರು. ಅದು ಯೂರೋಪಿನ ಚರ್ಚುಗಳಿಂದ ಬಂದದ್ದು. ಆದರೆ ನಮ್ಮ ಸೆಕೆಗೂ ಮಳೆಗೂ ಹೊಂದುವಂತೆ ಆಳವಾದ ವರಾಂಡಗಳನ್ನೂ ತೆರೆದ ಸುರುಳಿ ಮೆಟ್ಟಿಲುಗಳನ್ನೂ ಸೇರಿಸಿದರು.

೨೮೦ ಅಡಿ ಎತ್ತರದ ಗಡಿಯಾರ ಗೋಪುರಕ್ಕೆ ಹಣ ಕೊಟ್ಟವರು ಹತ್ತಿಯ ವರ್ತಕರಾದ ಪ್ರೇಮಚಂದ ರಾಯಚಂದರು. ಹೆಸರು ಅವರ ತಾಯಿಯದು. ಕಣ್ಣು ಕಾಣದ ಆ ಜೈನ ಮಾತೆಗೆ ಸೂರ್ಯಾಸ್ತದ ಒಳಗೆ ಊಟ ಮಾಡಲು ಗಂಟೆಯ ದನಿಯು ಹೊತ್ತನ್ನು ತಿಳಿಸುತ್ತಿತ್ತೆಂದು ಜನರು ಕಥೆ ಹೇಳುತ್ತಾರೆ. ನಕ್ಷೆ ಬರೆದ ಗಿಲ್ಬರ್ಟ್ ಸ್ಕಾಟನು ಮುಂಬಯಿಯನ್ನು ಕಂಡವನೇ ಅಲ್ಲ. ೧೮೬೯ರಲ್ಲಿ ಆರಂಭವಾದ ಕೆಲಸವು ೧೮೭೮ರಲ್ಲಿ ಮುಗಿಯುವ ಹೊತ್ತಿಗೆ ಪ್ರೇಮಚಂದರ ಸಂಪತ್ತು ಕರಗಿಹೋಗಿ ಹಲವು ವರ್ಷಗಳಾಗಿದ್ದುವು. ಕೊಟ್ಟದ್ದು ಮಾತ್ರ ಉಳಿಯಿತು. ಗೋಪುರವನ್ನು ಹತ್ತಲು ಸಾರ್ವಜನಿಕರಿಗೆ ಅವಕಾಶವಿಲ್ಲ. ೧೮೫೭ರಲ್ಲಿ ಸ್ಥಾಪಿತವಾದ ಈ ವಿಶ್ವವಿದ್ಯಾಲಯದ ಮೊದಲ ಪದವೀಧರರಲ್ಲಿ ಮಹಾದೇವ ಗೋವಿಂದ ರಾನಡೆಯವರೊಬ್ಬರು. ೧೮೮೮ರಲ್ಲಿ ಕಾರ್ನೀಲಿಯಾ ಸೊರಾಬ್ಜಿಯವರು ಇದರ ಮೊದಲ ಸ್ತ್ರೀ ಪದವೀಧರೆಯಾದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ೧೯೧೭ರಲ್ಲಿ ತೆರೆಯುವವರೆಗೆ ನಮ್ಮ ಹುಡುಗರು ಪುಣೆಗೋ ಮುಂಬಯಿಗೋ ಹೋಗಿ ಓದಬೇಕಾಗಿತ್ತು. ಆ ಮೇಲೆಯೂ ಪದವಿಯನ್ನು ಕೊಡುತ್ತಿದ್ದುದು ಈ ವಿಶ್ವವಿದ್ಯಾಲಯವೇ. ಕರ್ನಾಟಕದ ಏಕೀಕರಣಕ್ಕಾಗಿ ಜೀವವನ್ನು ತೇದ ಆಲೂರು ವೆಂಕಟರಾಯರೂ, ಕವಿಗಳಾದ ಬೇಂದ್ರೆಯವರೂ ಇದರ ಪದವೀಧರರು.

೧೮೭೮ರಲ್ಲಿ ಮುಗಿದ ಹೈಕೋರ್ಟಿನ ನೆತ್ತಿಯ ಮೇಲೆ ನ್ಯಾಯ, ಕರುಣೆ ಎಂಬ ಇಬ್ಬರು ದೇವತೆಗಳ ಮೂರ್ತಿಗಳಿವೆ. ಒಳಗಿನ ಒಂದು ಕಂಬದ ಮೇಲೆ, ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಏರುಪೇರಾದ ತಕ್ಕಡಿಯನ್ನು ಹಿಡಿದ ಕೋತಿಯೊಂದನ್ನು ಯಾವನೋ ಶಿಲ್ಪಿ ಕೆತ್ತಿಬಿಟ್ಟಿದ್ದಾನೆ. ರುಖ್ಮಾಬಾಯಿ ಎಂಬ ತರುಣಿಯ ಮೇಲೆ ಆಕೆಯ ಗಂಡನು ಹೂಡಿದ ವ್ಯಾಜ್ಯವು ಈ ನ್ಯಾಯಾಲಯದಲ್ಲಿ ನಡೆಯಿತು. ತಾನು ಹನ್ನೊಂದು ವರ್ಷದವಳಿದ್ದಾಗ ಆದ ಮದುವೆಗೆ ತನ್ನ ಒಪ್ಪಿಗೆಯಿರಲಿಲ್ಲವೆಂದು ಆಕೆ ಗಂಡನ ಮನೆಗೆ ಹೋಗಲೊಲ್ಲೆನೆಂದಳು. ಹೋಗಬೇಕು, ಇಲ್ಲವೆ ಆರು ತಿಂಗಳ ಸೆರೆಮನೆ ಎಂದು ೧೮೮೭ರಲ್ಲಿ ಆಜ್ಞೆಯಾಯಿತು. ಸೆರೆಮನೆಯೇ ಆಗಲಿ ಎಂದಳು ಆಕೆ. ಕೊನೆಗೆ ಹಣ ಕೊಟ್ಟು ರಾಜಿಯಾಯಿತು. ಆಕೆ ಲಂಡನ್ನಿನಲ್ಲಿ ವೈದ್ಯಶಾಸ್ತ್ರವನ್ನೋದಿ ಬಂದು, ನಾವು ಮೊದಲ ದಿನ ಕಂಡ ಕಾಮಾ ಆಸ್ಪತ್ರೆಯಲ್ಲಿಯೇ ಕೆಲಕಾಲ ಕೆಲಸ ಮಾಡಿದರು. ೧೯೦೮ರ ಜುಲೈ ೨೨ರ ರಾತ್ರಿ ಲೋಕಮಾನ್ಯ ತಿಲಕರಿಗೆ ಆರು ವರ್ಷಗಳ ಗಡೀಪಾರು ಶಿಕ್ಷೆಯಾದದ್ದೂ ಈ ಭವನದ ನಡುಕೋಣೆಯಲ್ಲಿ. ಆಗ ಅವರಾಡಿದ ಮಾತುಗಳನ್ನು ಕಲ್ಲಿನಲ್ಲಿ ಕೊರೆಯಿಸಿ ೧೯೫೬ರಲ್ಲಿ ಅದೇ ಕೋಣೆಯ ಹೊರಗೆ ಇಟ್ಟಿದ್ದಾರೆ. ಒಳಗೆ ಹೋಗಿ ನೋಡಲು ಗುರುತಿನ ಚೀಟಿಯೂ ಅನುಮತಿಯೂ ಬೇಕಾಗುತ್ತವೆ. ಮೊದಲೇ ವಿಚಾರಿಸಿಕೊಳ್ಳುವುದು ಮೇಲು.

ಮೈದಾನದ ಪಶ್ಚಿಮಕ್ಕೆ ತಿರುಗಿದರೆ ೧೯೩೦ರ ಮೇಲೆ ಕಟ್ಟಿದ ದುಂಡು ಮೂಲೆಗಳ ವಾಸದ ಮನೆಗಳು ಕಾಣುತ್ತವೆ. ಎದುರುಬದುರಾದ ಈ ಎರಡು ಕಾಲದ ಸಾಲುಗಳನ್ನು ಒಟ್ಟಾಗಿ ಯುನೆಸ್ಕೋ ಸಂಸ್ಥೆಯು ೨೦೧೮ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮೂರನೆಯ ದಿನ ಬಿಡುವಿದ್ದವರು ಭಾಯ್ಖಳಾದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ೧೮೭೨ರಲ್ಲಿ ತೆರೆದ ಅದಕ್ಕೆ ಮೊದಲು ವಿಕ್ಟೋರಿಯಾ ಮತ್ತು ಆಲ್ಬರ್ಟರ ಹೆಸರಿತ್ತು. ಕೋಟೆಯ ಬೀದಿಗಳಿಂದ ತೆಗೆದ ದೊರೆಗಳ ಪ್ರತಿಮೆಗಳು ಅದರ ಅಂಗಳದಲ್ಲಿ ಸುಮ್ಮನೆ ನಿಂತಿವೆ.

ಮನೆಮಂದಿಯೊಡನೆ ಹೋಗುವವರು ಗಮನಿಸಬೇಕಾದ ಕೆಲವು ಸಣ್ಣ ವಿಷಯಗಳುಂಟು. ಹೊಸ ಚಪ್ಪಲಿಯನ್ನು ಮೆಟ್ಟಿ ಹೊರಡಬಾರದು. ಕುಡಿಯುವ ನೀರು ಸಂಗಡವಿರಲಿ. ಮೊಣಕಾಲುನೋವಿನ ಹಿರಿಯರನ್ನು ಟೌನ್ ಹಾಲಿನ ಮೆಟ್ಟಿಲು ಹತ್ತಿಸದೆ ಎದುರಿನ ತೋಟದ ನೆರಳಿನಲ್ಲಿ ಕುಳ್ಳಿರಿಸಿದರೆ ಒಳಿತು. ಬೆಳಗಿನ ಎಂಟರಿಂದ ಹತ್ತೂವರೆಯವರೆಗೂ ಸಂಜೆ ಐದೂವರೆಯಿಂದ ಎಂಟರವರೆಗೂ ಸ್ಥಳೀಯ ರೈಲುಗಳಲ್ಲಿ ಮಕ್ಕಳನ್ನು ಕರೆದುಕೊಂಡು ಪ್ರಯಾಣ ಮಾಡುವುದು ಸಾಹಸವೇ ಸರಿ. ಆ ಹೊತ್ತನ್ನು ತಪ್ಪಿಸಿರಿ. ಈ ಭವನಗಳಲ್ಲಿ ಬಹುಪಾಲು ಇಂದಿಗೂ ಕೆಲಸ ನಡೆಯುವ ಸ್ಥಳಗಳು. ಪಹರೆಯವರು ಬೇಡವೆಂದಲ್ಲಿ ವಾದಿಸದೆ ಹಿಂದೆ ಸರಿಯುವುದು ಮರ್ಯಾದೆ.

ಮಧ್ಯಾಹ್ನದ ಊಟಕ್ಕೆ ಕೋಟೆಯ ಗಲ್ಲಿಗಳಲ್ಲಿರುವ ಉಡುಪಿ ಹೋಟೆಲಿಗೆ ಹೋಗಿರಿ. ಇಂಥ ಹೋಟೆಲುಗಳನ್ನು ಕಟ್ಟಿದವರ ಕಥೆಯನ್ನು ಯಾವ ಕಲ್ಲಿನ ಮೇಲೆಯೂ ಕೆತ್ತಿಲ್ಲ. ದಕ್ಷಿಣ ಕನ್ನಡದಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಬರಿಗೈಯಲ್ಲಿ ಬಂದು, ಹಗಲೆಲ್ಲ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಕಣ್ಣುಜ್ಜಿಕೊಳ್ಳುತ್ತ ಓದಿ, ಇದೇ ಗೋಪುರದ ಗಂಟೆಯನ್ನು ಕೇಳುತ್ತ ಬೆಳೆದರು. ಅವರಲ್ಲಿ ಕೆಲವರು ವಕೀಲರಾದರು, ಕೆಲವರು ಹೋಟೆಲಿನ ಒಡೆಯರಾದರು, ಹೆಚ್ಚಿನವರು ಹೆಸರಿಲ್ಲದೆ ದುಡಿದು ಊರಿನ ತಂಗಿಯರ ಮದುವೆ ಮಾಡಿಸಿದರು. ಗಲ್ಲದ ಮೇಲೆ ಕುಳಿತಿರುವ ಹಿರಿಯರು ಕನ್ನಡದವರೋ ತುಳುವರೋ ಆಗಿದ್ದರೆ, ಊಟದ ಹೊತ್ತಿನ ನೂಕುನುಗ್ಗಲು ಕಳೆದ ಮೇಲೆ “ತಾವು ಯಾವ ಊರಿನವರು? ಇಲ್ಲಿಗೆ ಬಂದು ಎಷ್ಟು ಕಾಲವಾಯಿತು?” ಎಂದು ಕೇಳಿ ನೋಡಿರಿ. ಮಕ್ಕಳನ್ನು ಹತ್ತಿರದಲ್ಲಿ ನಿಲ್ಲಿಸಿಕೊಂಡು ಕೇಳಿರಿ. ಆ ಕಾಲವನ್ನು ಕಂಡವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಆದುದರಿಂದ ಹೊರಡುವ ಮನಸ್ಸಿದ್ದವರು ಬರುವ ಚಳಿಗಾಲವನ್ನು ಹಾಗೆಯೇ ಕಳೆಯಗೊಡಬಾರದೆಂದು ನಮ್ಮ ಸೂಚನೆ.